ಕರಿಕಾಳಿನ ಮೇಲೊಂದು ಚಿಟಿಕೆ

ನಮ್ಮ ಮಿಲ್ಲಿನ ಅಕ್ಕಿ ಚೀಲದ ಮೇಲೆ ಈಗ ಒಂದು ಹಸಿರೆಲೆಯ ಚಿತ್ರವಿದೆ. ಅದರ ಪಕ್ಕದಲ್ಲಿ ಕಪ್ಪು ಚುಕ್ಕಿಗಳ ಒಂದು ಚೌಕ. ಅದಕ್ಕೆ ಫೋನು ಹಿಡಿದರೆ ಈ ಅಕ್ಕಿ ಎಲ್ಲಿಯದು, ಮಿಲ್ಲಿನ ಬೂದಿ ಎಲ್ಲಿಗೆ ಹೋಗುತ್ತದೆ, ಭತ್ತ ನೆನೆಹಾಕಿದ ನೀರು ಏನಾಗುತ್ತದೆ, ಎಷ್ಟು ಜನ ಹೆಣ್ಣುಮಕ್ಕಳು ಇಲ್ಲಿ ದುಡಿಯುತ್ತಾರೆ ಎಂದೆಲ್ಲ ತೋರಿಸುತ್ತದೆ. ಅದನ್ನೆಲ್ಲ ಬರೆದವನು ನಾನೇ. ಬಹಳಷ್ಟು ನಿಜ, ಒಂದು ಮಾತ್ರ ಸುಳ್ಳು. ಆ ಒಂದು ಸುಳ್ಳಿನಿಂದಾಗಿ ನಮ್ಮದೇ ಮಿಲ್ಲಿನ ಅನ್ನ ನನ್ನ ಮೈಗೆ ಹತ್ತುತ್ತಿಲ್ಲ.

ಕೊಪ್ಪಳ ಜಿಲ್ಲೆಯಾದ ವರ್ಷ, 1997ರಲ್ಲಿ, ನಾನು ಬಿ.ಕಾಂ. ಮುಗಿಸಿ ಗಂಗಾವತಿಗೆ ವಾಪಸು ಬಂದೆ. ನಮ್ಮ ಹಿರಿಯರದು ಯಲಬುರ್ಗಾ ಕಡೆಯ ಎರೆಹೊಲ, ಜೋಳದ ಒಕ್ಕಲುತನ. ಕಾಲುವೆಯ ನೀರು ಬಂದು ಇಲ್ಲೆಲ್ಲ ಭತ್ತ ನಿಂತ ಮೇಲೆ ಅಪ್ಪ ಈ ಕಡೆ ಬಂದು ಮೊದಲು ದಲಾಲಿ ಅಂಗಡಿ ಹಾಕಿದ, ಆಮೇಲೆ ಮಿಲ್ಲು ಕಟ್ಟಿದ. ನಾನು ಬರುವ ಹೊತ್ತಿಗೆ ಮಿಲ್ಲನ್ನು ಅಣ್ಣ ನೋಡಿಕೊಳ್ಳುತ್ತಿದ್ದ. ಅವನು ಭತ್ತದ ಕಾಳನ್ನು ಹಲ್ಲಿನಲ್ಲಿ ಕಚ್ಚಿ ಇಷ್ಟು ಹಸಿ ಇದೆ, ಇಷ್ಟು ನುಚ್ಚಾಗುತ್ತದೆ ಎಂದು ಹೇಳುವ ಮನುಷ್ಯ. ನನಗೆ ಕಾಳು ಕಚ್ಚಿದರೆ ಹಲ್ಲು ನೋಯುತ್ತಿತ್ತು, ಅಷ್ಟೇ. ಹಾಗಾಗಿ ನನಗೆ ಓದಿದವನ ಕೆಲಸ ಬಂತು. ಕಚೇರಿಯ ಕಾಗದಕ್ಕೆ ಉತ್ತರ ಬರೆಯುವುದು, ಬಂದ ಸಾಹೇಬರಿಗೆ ಚಹಾ ಕೊಡುವುದು, ಹಿಂದಿ ಇಂಗ್ಲಿಷಿನವರು ಬಂದರೆ ನಡುವೆ ನಿಂತು ಮಾತು ದಾಟಿಸುವುದು. ಅಣ್ಣ ಯಾರಿಗಾದರೂ ನನ್ನನ್ನು ಪರಿಚಯಿಸುವಾಗ "ಇಂವ ನಮ್ಮ ಮಿಲ್ಲಿನ ಬಾಯಿ ನೋಡ್ರಿ" ಅನ್ನುತ್ತಿದ್ದ. ಆಗ ನನಗೆ ಅದು ಹೊಗಳಿಕೆ ಅನ್ನಿಸುತ್ತಿತ್ತು.

ಮಿಲ್ಲಿಗೆ ಬಾಯಿ ನಾನಾದರೆ ಕಣ್ಣು ಬೇರೆ ಇತ್ತು. ಉತ್ತರ ದಿಕ್ಕಿಗೆ ತಗಡಿನ ಮಾಡಿನ ಒಂದು ಉದ್ದನೆಯ ಪಡಸಾಲೆ. ಅಲ್ಲಿ ಇಪ್ಪತ್ತೆರಡು ಜನ ಹೆಣ್ಣುಮಕ್ಕಳು ಒಂದೇ ಸಾಲಾಗಿ ಕೂತು ಮರದಲ್ಲಿ, ಅಂದರೆ ಮೊರದಲ್ಲಿ, ಅಕ್ಕಿ ಹಸನು ಮಾಡುತ್ತಿದ್ದರು. ಯಂತ್ರದಿಂದ ಬಂದ ಅಕ್ಕಿಯಲ್ಲಿ ಉಳಿದ ಕಲ್ಲು, ನೆಲ್ಲು, ಹಳದಿ ಕಾಳು, ಕರಿಕಾಳು ಆರಿಸುವುದು ಅವರ ಕೆಲಸ. ಆ ಸಾಲಿನ ತಲೆಗೆ ಕೂರುತ್ತಿದ್ದವಳು ಮಿಲ್ಲಿನ ಹಿಂದಿನ ಓಣಿಯ ಒಬ್ಬ ಹೆಂಗಸು. ಅವಳ ಗಂಡ ನಮ್ಮಲ್ಲೇ ಹಮಾಲ. ನಾನು ಅವಳನ್ನು ದೊಡ್ಡವ್ವ ಎಂದು ಕರೆಯುತ್ತಿದ್ದೆ. ನಾಲ್ಕು ಜನರ ಮುಂದೆ ಅವಳಿಗೆ ನಾನು ಸಣ್ಣ ಸಾವ್ಕಾರ, ಯಾರೂ ಇಲ್ಲದಾಗ ತಮ್ಮ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಪುಂಡಿಪಲ್ಯ ಇದ್ದರೆ ಅರ್ಧ ರೊಟ್ಟಿ ನನಗೆ ಬರಲೇಬೇಕು.

ಪಡಸಾಲೆಗೆ ಉತ್ತರ ದಿಕ್ಕನ್ನು ಆರಿಸಿದವಳೂ ಅವಳೇ. ಅಪ್ಪ ಬಿಸಿಲು ಚೆನ್ನಾಗಿ ಬೀಳುವ ಕಡೆ ಕಟ್ಟಿಸಲು ಹೊರಟಿದ್ದನಂತೆ. "ಬಿಸಲಾಗ ಅಕ್ಕಿ ಸುಳ್ಳ ಹೇಳ್ತೈತ್ರಿ, ಅದರ ಖರೇ ಬಣ್ಣ ನೆಳ್ಳಾಗ ಕಾಣೂದು" ಎಂದು ಇವಳು ತಡೆದಳಂತೆ. ಚೀಲದ ಬಾಯಿ ಹೊಲಿಯುವ ಮೊದಲು ಅವಳು ಮೊಳಕೈವರೆಗೂ ಕೈ ಇಳಿಸಿ, ತಳದಿಂದ ಒಂದು ಮುಷ್ಟಿ ಎತ್ತಿ, ಬೊಗಸೆಯಲ್ಲಿ ಹರಡಿ ನೋಡುತ್ತಿದ್ದಳು. "ಆತು, ಹೊಲೀರಿ" ಅಂದರೆ ಆ ಚೀಲ ಹೊರಗೆ ಹೋಗಬಹುದು. ಅವಳು ಹೇಳದೆ ಅಣ್ಣನೂ ಹೊಲಿಸುತ್ತಿರಲಿಲ್ಲ.

ಮುಷ್ಟಿಯಲ್ಲಿ ಕರಿಕಾಳು ಸಿಕ್ಕಿತೋ, ಆ ಚೀಲ ಹಸನು ಮಾಡಿದವಳ ಸೆರಗಿನ ತುದಿಗೆ ಅದನ್ನು ಗಂಟು ಕಟ್ಟುವರು. ಸಂಜೆವರೆಗೂ ಬಿಚ್ಚುವಂತಿಲ್ಲ. ಅವಳು ನೀರು ಕುಡಿಯಲು ಎದ್ದರೂ ಉಳಿದವರು "ಗಂಟಿನಾಕಿ ಬಂದ್ಲು, ದಾರಿ ಬಿಡ್ರಿ" ಎಂದು ಕಾಡುವರು. ಮರುದಿನ ಅವಳು ಎಲ್ಲರಿಗೂ ಶೇಂಗಾ ಬೆಲ್ಲ ತಂದರೆ ಅಲ್ಲಿಗೆ ಮುಗಿಯಿತು. ಆದರೆ ಗಂಟು ಕಟ್ಟುವಾಗ ದೊಡ್ಡವ್ವ ತಪ್ಪದೆ ಒಂದು ಕೆಲಸ ಮಾಡುತ್ತಿದ್ದಳು. ಕರಿಕಾಳಿನ ಮೇಲೆ ಒಂದು ಚಿಟಿಕೆ ಒಳ್ಳೆ ಅಕ್ಕಿ ಇಡುತ್ತಿದ್ದಳು. ಕೆಟ್ಟದ್ದನ್ನಷ್ಟೇ ಯಾರ ಕೈಯಲ್ಲೂ ಕೊಡಬಾರದು, ಕೊಟ್ಟವರಿಗೂ ಒಳ್ಳೆಯದಲ್ಲ, ತಗೊಂಡವರಿಗೂ ಒಳ್ಳೆಯದಲ್ಲ. ಮಜ್ಜಿಗೆ ತಂದ ಪಾತ್ರೆಯನ್ನು ನಮ್ಮ ಕಡೆ ಖಾಲಿ ವಾಪಸು ಕೊಡುತ್ತಾರೆಯೇ? ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡುತ್ತಾರೆ. ಇದೂ ಹಾಗೆಯೇ. ಯಾರೂ ಇದನ್ನು ಪದ್ಧತಿ ಎಂದು ಕರೆದಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ಪದ್ಧತಿ ಅನ್ನುತ್ತಾರೆಯೇ?

ಹತ್ತು ಹನ್ನೊಂದು ವರ್ಷ ಹೀಗೇ ನಡೆಯಿತು. ಆಮೇಲೆ ಎರಡು ಕಡೆಯಿಂದ ಒತ್ತಡ ಬಂತು, ಅದೂ ಒಂದೇ ಸುಗ್ಗಿಯಲ್ಲಿ.

ಮೊದಲನೆಯದು ಬೂದಿಯದು. ನಮ್ಮ ಬಾಯ್ಲರಿಗೆ ಉರುವಲು ಭತ್ತದ ಹೊಟ್ಟೇ. ಅದು ಸುಟ್ಟು ಹಾರಿದ ಕರಿ ಬೂದಿ ಗಾಳಿ ಬೀಸಿದ ಕಡೆ ಬೀಳುತ್ತಿತ್ತು, ಹೆಚ್ಚಾಗಿ ಹಿಂದಿನ ಓಣಿಯ ಮೇಲೆ. ಒಂದು ಬೇಸಿಗೆಯಲ್ಲಿ ಓಣಿಯ ಹೆಂಗಸರು ಮಾಳಿಗೆಯ ಮೇಲೆ ಹೊಸೆದು ಒಣಹಾಕಿದ ಶಾವಿಗೆಯೆಲ್ಲ ಎಳ್ಳು ಉದುರಿಸಿದಂತಾಯಿತು. ಅವರು ಆ ಶಾವಿಗೆಯನ್ನು ಮೊರಗಳಲ್ಲಿ ಹೊತ್ತು ತಂದು ಅಪ್ಪನ ಮುಂದೆ ಸುರಿದರು. "ನೀವ ಉಣ್ರಿ ಸಾವ್ಕಾರ್ರ, ಛಲೋ ಮಸಾಲಿ ಹಾಕಿ ಕೊಟ್ಟೀರಿ" ಎಂದು ಒಬ್ಬಳು ಅಂದದ್ದು ನನಗೆ ಈಗಲೂ ಕೇಳುತ್ತದೆ. ದೊಡ್ಡವ್ವನ ಶಾವಿಗೆಯೂ ಅದರಲ್ಲಿತ್ತು. ಅವಳು ಮಾತ್ರ ಆ ಗುಂಪಿನಲ್ಲೂ ನಿಲ್ಲದೆ, ನಮ್ಮ ಕಡೆಗೂ ಬಾರದೆ, ಪಡಸಾಲೆಯಲ್ಲಿ ತಲೆ ತಗ್ಗಿಸಿ ಮರ ಆಡಿಸುತ್ತಿದ್ದಳು. ತಿಂಗಳೊಳಗೆ ಕೊಪ್ಪಳದ ಕಚೇರಿಯಿಂದ ನೋಟಿಸು ಬಂತು. ಬೂದಿ ಹಿಡಿಯುವ ಯಂತ್ರ ಹಾಕಬೇಕು, ನೆನೆಹಾಕಿದ ನೀರನ್ನು ಹಳ್ಳಕ್ಕೆ ಬಿಡಬಾರದು. ಓಣಿಯವರ ದೂರು ನ್ಯಾಯವಾದದ್ದೇ. ಗಿಣಿಗೇರಾದ ಕಾರ್ಖಾನೆಗಳ ಕಬ್ಬಿಣದ ಧೂಳಿನ ಬಗ್ಗೆ ನಾಲಿಗೆ ಹರಿಬಿಡುತ್ತಿದ್ದ ನಾವು ನಮ್ಮ ಬೂದಿಗೆ ಮಾತ್ರ ಕಣ್ಣು ಮುಚ್ಚಿಕೊಂಡಿದ್ದೆವು.

ಎರಡನೆಯ ಒತ್ತಡ ಪೇಟೆಯದು. ಸುತ್ತಲಿನ ಮಿಲ್ಲುಗಳಲ್ಲಿ ಬಣ್ಣ ನೋಡಿ ಅಕ್ಕಿ ಆರಿಸುವ ಯಂತ್ರ ಬಂದಿತ್ತು. ಮೇಲಿಂದ ಜಾರಿ ಬೀಳುವ ಒಂದೊಂದು ಕಾಳನ್ನೂ ಕ್ಯಾಮೆರಾ ನೋಡುತ್ತದೆ. ಬಣ್ಣ ಕೆಟ್ಟದ್ದು ಕಂಡರೆ ಗಾಳಿಯ ಪಿಚಕಾರಿ ಅದನ್ನು ಪಕ್ಕಕ್ಕೆ ಎಗರಿಸುತ್ತದೆ. ಇಪ್ಪತ್ತೆರಡು ಜನ ಒಂದು ದಿನ ಮಾಡುವುದು ಅದಕ್ಕೆ ಒಂದು ತಾಸಿನ ಕೆಲಸವೂ ಅಲ್ಲ. ಆ ಅಕ್ಕಿಯ ಪಕ್ಕದಲ್ಲಿ ನಮ್ಮದನ್ನು ಇಟ್ಟು ನೋಡಿದ ದೊಡ್ಡ ಊರಿನ ವ್ಯಾಪಾರಿ ಲಾರಿಯನ್ನೇ ತಿರುಗಿಸಿ ಕಳಿಸಿದ. ಅಣ್ಣ ಅವತ್ತು ಊಟ ಬಿಟ್ಟ. ಮರುದಿನ ನನ್ನನ್ನು ಕರೆದು ಹೇಳಿದ: "ಎರಡೂ ಹಾಕ್ಸೂನು. ಬೂದಿ ಹಿಡಿಯೂದೂ ಬರಲಿ, ಅಕ್ಕಿ ನೋಡೂದೂ ಬರಲಿ. ಸಾಲಿನ ಮಂದಿ ಅಷ್ಟು ಬ್ಯಾಡ. ಕಡೀಕ ಚೀಲಕ್ಕ ಕೈ ಹಾಕಿ ನೋಡಾಕ ನಾಕ್ ಮಂದಿ ಇದ್ರ ಸಾಕು. ಆ ಯವ್ವಗ ಹೇಳು, ಮುಂದ ಆಕೀನ ಇರ್ಲಿ."

ಆ ಮಾತನ್ನು ದಾಟಿಸುವ ಕೆಲಸವೂ ನನ್ನದೇ. ಆ ವೇಳೆಗೆ ದೊಡ್ಡವ್ವನ ಗಂಡ ಚೀಲ ಹೊತ್ತು ಹೊತ್ತು ಬೆನ್ನು ಹೋಗಿ ಹೊರಸು ಹಿಡಿದು ಮಲಗಿಬಿಟ್ಟಿದ್ದ. ಮನೆ ನಡೆಯುತ್ತಿದ್ದದ್ದು ಇವಳ ಕೈಯಿಂದ. ಅವನಿಗೆ ಎರಡು ಹೊತ್ತು ಉಣ್ಣಿಸಿ, ಮಗ್ಗಲು ಬದಲಿಸಬೇಕಿದ್ದರಿಂದ ಓಣಿ ಬಿಟ್ಟು ದೂರದ ಕೂಲಿಗೆ ಅವಳು ಹೋಗುವಂತಿರಲಿಲ್ಲ. ಮಿಲ್ಲು ಅವಳ ಹಿತ್ತಲಿಗೆ ಹತ್ತಿದ ಹಾಗೆ ಇತ್ತು. ನಡುವೆ ಎದ್ದು ಹೋಗಿ ಗಂಡನಿಗೆ ನೀರು ಕುಡಿಸಿ ಬರುತ್ತಿದ್ದಳು.

"ಈ ಮಿಷನ್ ಬಂತಂದ್ರ ನಾ ಏನ್ ಮಾಡ್ಲಿ ತಮ್ಮಾ?" ಎಂದು ಕೇಳಿದಳು.

"ನಾಕ್ ಮಂದಿ ಇರ್ತೀರಿ ದೊಡ್ಡವ್ವ. ಮುಂದ ನೀನ. ಅಣ್ಣ ಹೇಳ್ಯಾನ."

"ಖರೇನ?"

"ಖರೇನ" ಅಂದೆ. ಅವಳು ಮತ್ತೆ ಕೇಳಲಿಲ್ಲ. ನನ್ನ ಮಾತು ಅವಳಿಗೆ ಸಾಕಾಗಿತ್ತು.

ಯಂತ್ರ ಬಂತು. ಅದನ್ನು ಕೂರಿಸಲು ದೂರದ ಊರಿನಿಂದ ಒಬ್ಬ ಎಂಜಿನಿಯರ್ ಬಂದ. ಅವನಿಗೆ ಕನ್ನಡ ಬಾರದು, ಹರಕು ಹಿಂದಿ. ಯಂತ್ರಕ್ಕೆ ಒಳ್ಳೆ ಕಾಳು ಯಾವುದು, ಕೆಟ್ಟ ಕಾಳು ಯಾವುದು ಎಂದು ಮೊದಲು ಕಲಿಸಬೇಕು, ಎರಡು ತಾಟಿನಲ್ಲಿ ಬೇರೆ ಬೇರೆ ಮಾಡಿ ಕೊಡಿ ಅಂದ. ಅದನ್ನು ಬಲ್ಲವರು ಯಾರು? ಎಲ್ಲರೂ ದೊಡ್ಡವ್ವನ ಕಡೆ ನೋಡಿದೆವು. ಅವಳಿಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಮೂರು ದಿನ ಕೂತು ಆರಿಸಿದಳು. ಪೂರಾ ಕಪ್ಪು, ಅರ್ಧ ಕಪ್ಪು, ಮೂತಿಗೆ ಮಾತ್ರ ಕಲೆ ಇದ್ದದ್ದು, ಕೆಂಪು ಗೀರಿನದು, ಹಳದಿಗೆ ತಿರುಗಿದ್ದು, ಹೊಟ್ಟೆ ಬೆಳ್ಳಗಾಗಿ ಸುಣ್ಣದಂತಿದ್ದದ್ದು. ಯಂತ್ರ ತಪ್ಪು ಕಲಿತರೆ ತನ್ನ ಹೆಸರು ಕೆಡುತ್ತದೆ ಎಂಬಂತೆ ಒಂದೊಂದನ್ನೂ ಬೊಗಸೆಯಲ್ಲಿ ತಿರುಗಿಸಿ ನೋಡಿದಳು. ತನ್ನ ಮೂವತ್ತು ವರ್ಷದ ಕಣ್ಣನ್ನು ಒಂದು ಸ್ಟೀಲ್ ತಾಟಿನಲ್ಲಿ ಹಾಕಿ ಕೊಟ್ಟಳು.

ಕೊಡುವಾಗ, ಕೆಟ್ಟ ಕಾಳಿನ ತಾಟಿನ ಮೇಲೆ ಒಂದು ಚಿಟಿಕೆ ಒಳ್ಳೆ ಅಕ್ಕಿ ಇಟ್ಟಳು.

ನಾನು ನೋಡಿದೆ. ಅವಳ ಪಕ್ಕದಲ್ಲೇ ನಿಂತಿದ್ದೆ. ಆದರೆ ಅದು ನನಗೆ ನೋಡಿದ ಹಾಗೇ ಆಗಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದು ಕಣ್ಣಿಗೆ ಬೀಳುವುದಿಲ್ಲ. ಎಂಜಿನಿಯರ್ ಎರಡೂ ಕೈಯಿಂದ ತಾಟು ತಗೊಂಡು ಹಾಗೇ ಯಂತ್ರಕ್ಕೆ ಸುರಿದ. ಪರದೆಯ ಮೇಲೆ ಚುಕ್ಕಿಗಳು ಮೂಡಿದವು, ಅವನು ತಲೆ ಆಡಿಸಿದ, ಅಣ್ಣ ಕಾಯಿ ಒಡೆದ.

ಯಂತ್ರ ಓಡತೊಡಗಿತು. ಅಚ್ಚ ಬಿಳಿ ಅಕ್ಕಿ ಬಂತು, ಮುತ್ತಿನಂಥದ್ದು. ಅಣ್ಣ ಅದನ್ನು ಬೊಗಸೆಯಲ್ಲಿ ಹಿಡಿದು ಎಳೆಯ ಮಗುವನ್ನು ಎತ್ತಿದವರ ಹಾಗೆ ನಗುತ್ತಿದ್ದ. ತೆಗೆದುಹಾಕಿದ ಕಾಳು ಬೇರೆ ಚೀಲಕ್ಕೆ ಬೀಳುತ್ತಿತ್ತು. ಅದರ ಕಡೆ ಯಾರೂ ನೋಡಲಿಲ್ಲ. ಸಂಜೆ ದೊಡ್ಡವ್ವ ತನ್ನ ರೂಢಿಯಂತೆ ಆ ಚೀಲಕ್ಕೂ ಕೈ ಇಳಿಸಿ ಒಂದು ಮುಷ್ಟಿ ಎತ್ತಿದಳು.

"ಇದು ಛಲೋ ಅಕ್ಕಿ ಐತಲ್ರಿ, ಯಾಕ ಒಗ್ಯಾಕ ಹತ್ತೈತಿ ಇದು?"

"ಮಿಷನ್ ಕಣ್ಣಿಗೆ ಕಂಡದ್ದು ನಿನ್ನ ಕಣ್ಣಿಗೆ ಕಾಣಾಂಗಿಲ್ಲ ಬಿಡು ಯವ್ವಾ" ಎಂದು ಅಣ್ಣ ನಕ್ಕ. ನಾನೂ ನಕ್ಕೆ.

ಮೂರನೆಯ ದಿನ, ದನದ ಮೇವಿಗೆಂದು ಆ ಚೀಲಗಳ ಲಾರಿ ಹೊರಟು ಹೋದ ಮೇಲೆ, ಅಣ್ಣನಿಗೆ ಉಳಿದ ಚೀಲಗಳ ರಾಶಿ ಅತಿಯಾಯಿತು ಅನ್ನಿಸಿ ಬಿಚ್ಚಿಸಿದ. ಅರ್ಧಕ್ಕರ್ಧ ಒಳ್ಳೆ ಅಕ್ಕಿ. ಅವನ ಮುಖ ಇಳಿಯಿತು. ಎಂಜಿನಿಯರನ್ನು ಕರೆದು ಕೂಗಾಡಿದ. ಅವನು ತನ್ನ ಯಂತ್ರ ತಪ್ಪುವುದಿಲ್ಲ ಅಂದು, ಕಲಿಸಿದ ಮಾದರಿಯನ್ನು ಪರದೆಯ ಮೇಲೆ ತೆರೆದು ತೋರಿಸಿದ. ಕೆಟ್ಟ ಕಾಳಿನ ನಡುವೆ ಬೆಳ್ಳಗೆ ಹೊಳೆಯುವ ಒಳ್ಳೆ ಕಾಳುಗಳು. ಇವನ್ನೂ ಕೆಟ್ಟವು ಎಂದು ನೀವೇ ಕಲಿಸಿದ್ದೀರಿ, ಯಾರು ಹಾಕಿದರು ಕೇಳಿ ಎಂದ.

ನಾನು ಕನ್ನಡದಲ್ಲಿ ಕೇಳಿದೆ.

"ನಾನ ಹಾಕೀನ್ರಿ" ಅಂದಳು ದೊಡ್ಡವ್ವ. ಹೇಳಿ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಯಾಕೆ ಹಾಕಿದಳೆಂದು ನಾನು ಆ ಪರವೂರಿನವನಿಗೆ ತಿಳಿಸಿ ಹೇಳುತ್ತೇನೆ, ಎಲ್ಲರೂ ನಕ್ಕು ಮುಗಿಯುತ್ತದೆ ಎಂದುಕೊಂಡಿದ್ದಳು. ಅವರಿಬ್ಬರ ನಡುವೆ ಇದ್ದ ಬಾಯಿ ನಾನೊಬ್ಬನೇ.

ನಾನು ಹೇಳಲಿಲ್ಲ. ಆಗ ನನ್ನ ತಲೆಯಲ್ಲಿ ಓಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನಾನು ಪಕ್ಕದಲ್ಲಿ ನಿಂತು ನೋಡಿದವನು. ಹೇಳಿದರೆ "ಓದಿದಾಂವ ನೀ, ನಿನಗರ ತಿಳೀಬಾರದಾ?" ಎಂಬ ಮಾತು ನನ್ನ ಮೇಲೆ ಬರುತ್ತದೆ. ಅದರ ಜೊತೆಗೆ, ಆ ಎಂಜಿನಿಯರನ ಎದುರು ನಮ್ಮ ಮಿಲ್ಲಿನಲ್ಲಿ ಹೀಗೊಂದು ಶಾಸ್ತ್ರವಿದೆ ಎಂದು ಹೇಳಲು ನಾಚಿಕೆ. ಇಷ್ಟೇ. ಇಷ್ಟಕ್ಕೆ ನಾನು ಪರದೆಯನ್ನು ನೋಡುತ್ತ ನಿಂತೆ.

"ಯವ್ವಾ, ನಿನ್ನ ಕಣ್ಣು ಹೋಗ್ಯಾವ" ಎಂದ ಅಣ್ಣ. "ಛಲೋದ್ಯಾವುದು, ಕೆಟ್ಟದ್ಯಾವುದು ಗೊತ್ತಾಗ್ವಲ್ದು ನಿನಗ. ಇನ್ನ ಸಾಕು, ಮನ್ಯಾಗ ಇರು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಒಳ್ಳೆ ಅಕ್ಕಿ ಹೊರಗೆ ಹೋಗುತ್ತಿದೆ ಎಂದು ಮೊದಲು ಹೇಳಿದವಳೇ ಅವಳು. ಅವಳ ಕಣ್ಣಿಗೇ ತಪ್ಪು ಬಂತು. ಅವಳು ಇನ್ನೊಮ್ಮೆ ನನ್ನ ಕಡೆ ನೋಡಿ, ತನ್ನ ಮರವನ್ನು ಗೋಡೆಗೆ ಒರಗಿಸಿ ಇಟ್ಟು ಹೋದಳು. ಮರುದಿನ ಎಂಜಿನಿಯರ್ ಆ ಚಿಟಿಕೆಯನ್ನು ಬೇರೆ ಮಾಡಿ ಅವಳದೇ ತಾಟಿನಿಂದ ಯಂತ್ರಕ್ಕೆ ಮತ್ತೆ ಕಲಿಸಿದ. ಅದು ಚೆನ್ನಾಗಿ ಕಲಿಯಿತು. ನಾಲ್ಕು ಜನ ಬೇಕು ಅಂದದ್ದನ್ನು ಆಮೇಲೆ ಯಾರೂ ನೆನೆಯಲಿಲ್ಲ. ಬಂದ ಸುಗ್ಗಿಯಲ್ಲಿ ಸಾಲೇ ಇರಲಿಲ್ಲ.

ಗಟ್ಟಿ ಇದ್ದವರು ಕೆಲವರು ಗಿಣಿಗೇರಾದ ಕಾರ್ಖಾನೆಗಳಿಗೆ ಕಸ ಗುಡಿಸಲು ಹೋದರು. ಕೆಲವರು ಕುಷ್ಟಗಿ ಕಡೆ ಬೀಜದ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಟ್ರ್ಯಾಕ್ಸ್ ಜೀಪು ಹತ್ತಿದರು. ಕಣ್ಣು ಚುರುಕಿದ್ದವರಿಗೆ ಅಲ್ಲಿ ಬೆಲೆ ಇತ್ತು. ದೊಡ್ಡವ್ವನಿಗೆ ಹೋಗಲಾಗಲಿಲ್ಲ, ಗಂಡನ ಹೊರಸು ಇತ್ತು. ಕಿರಾಣಿ ಅಂಗಡಿಗಳ ಬೇಳೆ ಕಾಳು ತಂದು ಮನೆ ಬಾಗಿಲಲ್ಲಿ ಕೂತು ಹಸನು ಮಾಡಿ ಕೊಡುತ್ತಾಳೆಂದು ಕೇಳಿದೆ. ನಾನು ಕನಕಗಿರಿ ರಸ್ತೆಯಿಂದ ಸುತ್ತು ಹಾಕಿ ಮಿಲ್ಲಿಗೆ ಬರತೊಡಗಿದೆ. ಆ ಓಣಿಯ ರಸ್ತೆ ಹಾಳಾಗಿದೆ ಎಂದು ಮನೆಯಲ್ಲಿ ಹೇಳುತ್ತಿದ್ದೆ. ಅದು ಹಾಳಾಗಿರಲಿಲ್ಲ. ಅವಳ ಗಂಡ ಸತ್ತಾಗ ಮಣ್ಣಿಗೆ ಹೋಗಿ ದೂರ ನಿಂತು ಬಂದೆ.

ಮಿಲ್ಲು ಬೆಳೆಯಿತು. ಬೂದಿ ಹಿಡಿಯುವ ಯಂತ್ರ ಬಂದು ಓಣಿಯ ಶಾವಿಗೆ ಬೆಳ್ಳಗೇ ಒಣಗಿತು. ಬೂದಿ ಇಟ್ಟಿಗೆ ಭಟ್ಟಿಗೆ ಹೋಯಿತು. ನೀರಿಗೆ ಮೂರು ತೊಟ್ಟಿ ಕಟ್ಟಿಸಿದೆವು. ಉತ್ತರದ ಪಡಸಾಲೆಯ ಮುಂದಿನ ಬಯಲಿನಲ್ಲಿ ಸೂರ್ಯನ ಕರೆಂಟಿನ ಫಲಕಗಳು ನಿಂತವು. ಇವೆಲ್ಲ ಒಳ್ಳೆಯವೇ, ನಾನು ಓಡಾಡಿ ಮಾಡಿಸಿದವೇ. ಇವನ್ನು ಬೈದರೆ ನನ್ನ ಬಾಯಲ್ಲಿ ಹುಳು ಬೀಳುತ್ತದೆ.

ಕೊರೊನಾ ಕಳೆದ ಮೇಲೆ ದೊಡ್ಡ ಊರಿನ ಒಂದು ಕಂಪನಿ ನಮ್ಮ ಅಕ್ಕಿ ಕೊಳ್ಳಲು ಮುಂದೆ ಬಂತು. ಆದರೆ ಅವರಿಗೆ ಬರೀ ಅಕ್ಕಿ ಸಾಲದು. ಪರಿಸರಕ್ಕೂ ಜನರಿಗೂ ಒಳ್ಳೆಯದು ಮಾಡುವ ಮಿಲ್ಲಿನ ಅಕ್ಕಿ ಬೇಕು. ಹಾಗಿದ್ದರೆ ಚೀಲಕ್ಕೆ ಹಸಿರೆಲೆ. ಫೋನಿನಲ್ಲಿ ಒಂದು ಫಾರಂ ಬಂತು. ಬೂದಿ, ನೀರು, ಕರೆಂಟು ಎಲ್ಲಕ್ಕೂ ನಿಜವನ್ನೇ ತುಂಬಿದೆ, ಎದೆ ಉಬ್ಬಿಸಿ ತುಂಬಿದೆ. ಕೊನೆಗೆ, ಮಿಲ್ಲಿನಲ್ಲಿ ದುಡಿಯುವ ಹೆಣ್ಣುಮಕ್ಕಳು ಎಷ್ಟು? ಇದ್ದವಳು ಒಬ್ಬಳು, ಅಂಗಳ ಗುಡಿಸುವವಳು. ನಾನು ಇಪ್ಪತ್ತೆರಡು ಎಂದು ಒತ್ತಿದೆ. ಕೈಯಲ್ಲಿ ಸುಳ್ಳು ಬರೆಯುವಾಗ ಅಕ್ಷರ ನಡುಗುತ್ತದೆ ಅನ್ನುತ್ತಾರೆ. ಫೋನಿನಲ್ಲಿ ಹಾಗೇನೂ ಆಗುವುದಿಲ್ಲ.

ವಾರದಲ್ಲಿ ಉತ್ತರ ಬಂತು. ಬಹಳ ಸಂತೋಷ, ಗುರುವಾರ ವಿಡಿಯೋ ಕರೆಯಲ್ಲಿ ಮಿಲ್ಲನ್ನೂ ಆ ಹೆಣ್ಣುಮಕ್ಕಳನ್ನೂ ತೋರಿಸಿ.

ಅಣ್ಣ ಓದಿಸಿ ಕೇಳಿ, "ಬರ್ದಾಂವ ನೀ, ಕರ್ಕೊಂಡ ಬರಾಂವನೂ ನೀನ" ಅಂದ. ಹಲವು ವರ್ಷಗಳ ಮೇಲೆ ನಾನು ಆ ಓಣಿಗೆ ಕಾಲಿಟ್ಟೆ. ದೊಡ್ಡವ್ವ ಬಾಗಿಲಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ನಾನು ಇನ್ನೂ ಹತ್ತು ಹೆಜ್ಜೆ ದೂರ ಇರುವಾಗಲೇ ಗುರುತು ಹಿಡಿದಳು.

"ಬರ್ರಿ ಸಣ್ಣ ಸಾವ್ಕಾರ್ರ" ಅಂದಳು. ಅಲ್ಲಿ ನಾವಿಬ್ಬರೇ ಇದ್ದೆವು. ತಮ್ಮಾ ಎಂದು ಕರೆಯಲಿಲ್ಲ.

ಬಂದ ಕೆಲಸ ಹೇಳಿದೆ.  ಅವಳು ಬೇಳೆಯಿಂದ ಕೈ ತೆಗೆಯದೆ ಕೇಳಿಸಿಕೊಂಡಳು.

"ಒಂದ ದಿನಕ್ಕ?"

"ಒಂದ ದಿನಕ್ಕ, ದೊಡ್ಡವ್ವ. ಸುಮ್ನ ಮರ ಹಿಡ್ಕೊಂಡು ಕುಂದ್ರೂದು."

"ಮರದಾಗ ಅಕ್ಕಿ ಇರ್ತಾವೋ ಇಲ್ಲೋ?"

"ಇರ್ತಾವ."

"ಹಂಗಾರ ಸುಮ್ನ ಹೆಂಗ ಕುಂದ್ರಾಕ ಬರ್ತೈತ್ರಿ?" ಅಂದಳು. ಆರಿಸಿದ ಬೇಳೆಯನ್ನು ಪಕ್ಕಕ್ಕೆ ಸರಿಸಿ, "ಆತು, ಬರ್ತೀನಿ. ಉಳಿದಾರ್ನೂ ಕರೀತೀನಿ" ಎಂದಳು.

ಗುರುವಾರ ಬೆಳಿಗ್ಗೆ ಬಂದರು. ಹಳಬರು ಒಂಬತ್ತು ಜನ ಸಿಕ್ಕಿದ್ದರು. ಉಳಿದ ಜಾಗಕ್ಕೆ ಸೊಸೆಯರು, ನೆರೆಯವರು. ಪಡಸಾಲೆಯಲ್ಲಿ ತುಂಬಿದ್ದ ಹಳೆ ಮೋಟಾರುಗಳನ್ನು ಹಿಂದಿನ ದಿನವೇ ಎತ್ತಿಸಿ ತೊಳೆಸಿದ್ದೆ. ಗೋಡೆಯ ಮೊಳೆಗಳಿಗೆ ಮರಗಳು ಹಾಗೇ ತೂಗುತ್ತಿದ್ದವು. ದೊಡ್ಡವ್ವ ಯಾರೂ ಹೇಳದೆ ಸಾಲಿನ ತಲೆಗೆ ಹೋಗಿ ಕೂತಳು. ಯಂತ್ರದಿಂದ ಬಂದ ಸಿದ್ಧ ಅಕ್ಕಿಯನ್ನೇ ಎಲ್ಲರ ಮರಕ್ಕೂ ಸುರಿಸಿದೆ. ಸೊಸೆಯರು ಫೋನಿನ ಕಡೆ ನೋಡಿ ಕಿಸಕ್ಕನೆ ನಗುತ್ತ ಕೈ ಆಡಿಸಿದರು. ದೊಡ್ಡವ್ವ ತಲೆ ಎತ್ತಲಿಲ್ಲ. ಅವಳು ನಿಜವಾಗಿ ಹಸನು ಮಾಡುತ್ತಿದ್ದಳು.

ಫೋನಿನಲ್ಲಿ ಒಬ್ಬ ಎಳೆ ವಯಸ್ಸಿನ ಹೆಣ್ಣುಮಗಳು. ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿದೆ, ಬಹಳ ಚೆನ್ನಾಗಿದೆ ಅನ್ನುತ್ತಿದ್ದಳು. ಒಳ್ಳೆಯ ಮನಸ್ಸಿನವಳೇ, ಅವಳನ್ನು ಅನ್ನುವುದಕ್ಕೆ ಏನೂ ಇಲ್ಲ. ಆ ಹಿರಿಯ ಅಮ್ಮನ ಹತ್ತಿರ ಹೋಗಿ, ಎಷ್ಟು ವರ್ಷದಿಂದ ಇಲ್ಲಿ ದುಡಿಯುತ್ತಿದ್ದಾರೆ ಕೇಳಿ ಅಂದಳು.  ದೊಡ್ಡವ್ವನ ಮುಂದೆ ಮಂಡಿಯೂರಿ ಫೋನು ಹಿಡಿದು ಕನ್ನಡದಲ್ಲಿ ಕೇಳಿದೆ. ಅವಳು ಒಂದು ಮಾತು ಹೇಳಿದರೆ ಸಾಕಿತ್ತು. ಆ ಕಡೆ ಕನ್ನಡ ಬಲ್ಲವರು ಒಬ್ಬರಾದರೂ ಇದ್ದರೆ ನಮ್ಮ ಆಟ ಅಲ್ಲಿಗೆ ಮುಗಿಯುತ್ತಿತ್ತು.

ಅವಳು ತಲೆ ಎತ್ತಿ ಫೋನನ್ನಲ್ಲ, ನನ್ನನ್ನು ನೋಡಿದಳು.

"ನೀವ ಹೇಳ್ರಿ" ಅಂದಳು. "ಅವತ್ತೂ ನೀವ ಹೇಳಬೇಕಾಗಿತ್ತು."

ನಾನು ಇಂಗ್ಲಿಷಿನಲ್ಲಿ, ನಲವತ್ತು ವರ್ಷದಿಂದ ಎಂದು ಹೇಳಿದೆ. ಅವತ್ತು ಹೇಳಬೇಕಾದ್ದನ್ನು ನುಂಗಿದ ಬಾಯಿ ಇವತ್ತು ಹೇಳಬಾರದ್ದನ್ನು ಸರಾಗವಾಗಿ ಹೇಳಿತು. ಆ ಕಡೆಯ ಹುಡುಗಿ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು. ದೊಡ್ಡವ್ವನೂ ಕೈ ಮುಗಿದಳು, ಬಂದ ಬೀಗರಿಗೆ ಮುಗಿಯುವ ಹಾಗೆ.

ಕರೆ ಮುಗಿಯಿತು. ಹೆಂಗಸರು ಎದ್ದು ಸೀರೆ ಕೊಡವಿಕೊಂಡರು. ಅಣ್ಣ ಎಲ್ಲರಿಗೂ ಚಹಾ ಹೇಳಿದ. ದೊಡ್ಡವ್ವ ಮಾತ್ರ ತನ್ನ ಮರದ ಅಕ್ಕಿ ಮುಗಿಯುವವರೆಗೂ ಏಳಲಿಲ್ಲ. ಮುಗಿಸಿ, ಎಡ ಅಂಗೈ ಮುಚ್ಚಿಕೊಂಡು ನನ್ನ ಹತ್ತಿರ ಬಂದಳು.

"ನಾಳಿಗೂ ಬರೂದೈತೇನ್ರಿ?"

ಅವಳು ಕೇಳಿದ್ದು ಚುಚ್ಚಲು ಅಲ್ಲ. ಬರಬೇಕೆಂದರೆ ಬರುತ್ತಿದ್ದಳು. ಈಗ ಹೊರಸಿನ ಮೇಲೆ ಯಾರೂ ಇರಲಿಲ್ಲ. ನಾನು ಅಣ್ಣನ ಕಡೆ ನೋಡಿದೆ. ಅವನು ಬೇರೆ ಯಾರೊಂದಿಗೋ ಮಾತಾಡುತ್ತಿದ್ದ. "ಇಲ್ಲ ದೊಡ್ಡವ್ವ" ಅಂದೆ.

"ಕರವಸ್ತ್ರ ಕೊಡ್ರಿ ಇಲ್ಲಿ."

ಕೊಟ್ಟೆ. ಅವಳು ಅಂಗೈ ತೆರೆದಳು. ಏಳು ಕರಿಕಾಳು. ಯಂತ್ರ ಬಿಟ್ಟು ಕಳಿಸಿದ ಸಿದ್ಧ ಅಕ್ಕಿಯಲ್ಲಿ ಅವಳಿಗೆ ಸಿಕ್ಕವು. ನನ್ನ ಕರವಸ್ತ್ರದ ತುದಿಯಲ್ಲಿ ಅವನ್ನು ಇಟ್ಟು, ಬಗ್ಗಿ ಏನೋ ಮಾಡಿ, ಬಿಗಿಯಾಗಿ ಗಂಟು ಕಟ್ಟಿದಳು. "ಮಿಷನ್ನಿಗೆ ಸೆರಗಿಲ್ಲ" ಅಂದಳು. "ಸಂಜಿ ಮಟ ಬಿಚ್ಚಬ್ಯಾಡ್ರಿ."

ಹಳಬರು ಯಾರೂ ಗಂಟಿನಾಂವ ಎಂದು ಕಾಡಲಿಲ್ಲ. ಚಹಾದ ಲೋಟ ಕೆಳಗಿಟ್ಟು ಒಬ್ಬೊಬ್ಬರಾಗಿ ಹೊರಟರು.

ಸಂಜೆ ಮನೆಗೆ ಹೋಗಿ ಬಿಚ್ಚಿದೆ. ಏಳು ಕರಿಕಾಳು, ಅದರ ಮೇಲೆ ಒಂದು ಚಿಟಿಕೆ ಒಳ್ಳೆ ಅಕ್ಕಿ. ನನಗೂ ಅವಳು ಬರೀ ಕೆಟ್ಟದ್ದನ್ನು ಕೊಟ್ಟಿರಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆ. ಹೆಂಡತಿ ಏನಾಯಿತೆಂದು ಕೇಳಿದಾಗ ಗಂಟನ್ನು ಮತ್ತೆ ಕಟ್ಟಿ ಜೇಬಿಗಿಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಮಿಲ್ಲಿಗೆ ಹೋದವನೇ ಆ ಕರವಸ್ತ್ರವನ್ನು ಅಣ್ಣನ ಮೇಜಿನ ಮೇಲೆ ಬಿಚ್ಚಿಟ್ಟೆ. ಇಷ್ಟು ವರ್ಷ ನುಂಗಿದ್ದನ್ನು ಹೇಳಿದೆ. ಅವಳ ಕಣ್ಣು ಹೋಗಿರಲಿಲ್ಲ, ಅದು ಶಾಸ್ತ್ರಕ್ಕೆ ಇಟ್ಟ ಚಿಟಿಕೆ, ನಾನು ಪಕ್ಕದಲ್ಲಿ ನಿಂತು ನೋಡಿದ್ದೆ, ತಪ್ಪು ನನ್ನದು, ಅವಳನ್ನು ವಾಪಸು ಕರೆಯೋಣ ಎಂದೆ. ಬೈಯುತ್ತಾನೆ, ಬೈಯಲಿ ಎಂದು ಕಾದು ನಿಂತೆ.

ಅಣ್ಣ ಕಾಳುಗಳನ್ನು ಬೆರಳಿನಿಂದ ಸರಿಸಿ ನೋಡಿದ. ಒಂದು ಕರಿಕಾಳನ್ನು ಹಲ್ಲಿಗಿಟ್ಟು ಕಚ್ಚಿ ಉಗುಳಿದ.

"ಗೊತ್ತಿತ್ತು ನನಗ" ಅಂದ. "ಚಿಟಿಕಿ ಇಡೂದು ನಮ್ಮವ್ವನೂ ಮಾಡ್ತಿದ್ಲು. ನಾ ಏನ್ ಬ್ಯಾರೆ ಊರಾಗ ಹುಟ್ಟೀನಾ? ನಾಕ್ ಮಂದಿ ಕೂಲಿ ಉಳೀತಿತ್ತು, ಸುಮ್ನಿದ್ದೆ."

ಹೊರಗೆ ಹಸಿರೆಲೆಯ ಹೊಸ ಚೀಲಗಳ ಕಟ್ಟು ಇಳಿಯುತ್ತಿತ್ತು. ಎಣಿಸಿಕೊಂಡು ಬಾ ಎಂದು ಅವನು ನನ್ನನ್ನು ಕಳಿಸಿದ. ನಾನು ಹೋದೆ.